ಅವಸರವಿಲ್ಲದ ನಗು

ನಮ್ಮ ವಾರಪತ್ರಿಕೆಗಳ ದೀಪಾವಳಿ ಸಂಚಿಕೆಯಾಗಲಿ ಯುಗಾದಿ ಸಂಚಿಕೆಯಾಗಲಿ, ಯಾವುದನ್ನು ತೆಗೆದರೂ ಕಥೆ ಕವನಗಳ ನಡುವೆ ನಾಲ್ಕು ಪುಟದ ಒಂದು ನಗೆಬರಹ ಇದ್ದೇ ಇರುತ್ತದೆ. ಅದು ‘ನಮ್ಮ ಕಾಲದಲ್ಲಿ’ ಎಂದು ಶುರುವಾಗುತ್ತದೆ. ಊರಿಗೆ ಮೊದಲ ಬಸ್ಸು ಬಂದದ್ದು, ಗೌಡರ ಮನೆಯ ರೇಡಿಯೋದೊಳಗೆ ಯಾರು ಕೂತಿದ್ದಾರೆಂದು ಅಜ್ಜಿ ಹಿಂದೆ ಹೋಗಿ ನೋಡಿದ್ದು, ಇನ್‌ಸ್ಪೆಕ್ಟರು ಬಂದ ದಿನವೇ ಮೇಷ್ಟರ ಪಂಚೆ ಸಡಿಲಾದದ್ದು, ಮರದಡಿ ಅರ್ಧ ತಲೆ ಬೋಳಿಸಿದ ಕ್ಷೌರಿಕ ಊಟಕ್ಕೆಂದು ಎದ್ದುಹೋದದ್ದು: ಸಾಮಗ್ರಿ ಇಷ್ಟೇ. ಚಿತ್ರಗಾರರು ಒಂದು ಜುಟ್ಟು, ಒಂದು ಛತ್ರಿ ಬರೆದುಕೊಟ್ಟರೆ ಪುಟ ತುಂಬಿತು.

ಇಂಥವನ್ನು ನಾನು ನೂರಾರು ಓದಿದ್ದೇನೆ; ಓದುವಾಗ ಬೇಸರಪಟ್ಟಿಲ್ಲ. ಆದರೆ ಪತ್ರಿಕೆ ಮಡಿಸಿಟ್ಟ ಮೇಲೆ ಅವುಗಳಲ್ಲಿ ಒಂದು ವಾಕ್ಯವೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಕಾರಣ ಹುಡುಕುತ್ತಾ ಹೋದರೆ ಒಂದು ಸಂಗತಿ ಕಾಣುತ್ತದೆ. ಅಲ್ಲಿ ನಗುವವನು ಯಾರೂ ತನ್ನನ್ನು ನೋಡಿ ನಗಲಾರದ ಜಾಗದಲ್ಲಿ ಕುಳಿತಿದ್ದಾನೆ. ರೇಡಿಯೋದ ಹಿಂದೆ ಇಣುಕಿದ ಅಜ್ಜಿ ಈಗಿಲ್ಲ, ‘ನೀನು ಮೊದಲ ಸಲ ಲಿಫ್ಟು ಹತ್ತಿದಾಗ ಏನು ಮಾಡಿದೆಯೋ ಮಗನೇ’ ಎಂದು ಕೇಳುವುದಕ್ಕೆ. ಸತ್ತವರು ಎದುರುತ್ತರ ಕೊಡುವುದಿಲ್ಲವೆಂಬ ಧೈರ್ಯದ ಮೇಲೆ ನಿಂತ ಹಾಸ್ಯ ಇದು. ಪ್ರೀತಿಯಿಂದಲೇ ಬರೆದಿರುತ್ತಾರೆ, ಒಪ್ಪುತ್ತೇನೆ. ಆ ಪ್ರೀತಿಯಲ್ಲಿ ಅಪಾಯವಿಲ್ಲ ಎಂಬುದೇ ನನ್ನ ತಕರಾರು.

ಈ ಬಗೆಯ ಬರಹಕ್ಕೆ ಹಿರಿಯರೆಂದು ನಾವು ಹೆಸರಿಸುವ ಮೂವರು ಹಾಗೆ ಬರೆದವರಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರ್, ಬೀಚಿ, ನಾ. ಕಸ್ತೂರಿ. ಅಮರಾಪುರದಲ್ಲಿ ಕುಳಿತು ಓದುವ ನನ್ನಂಥವನಿಗೆ ಈ ಮೂವರೂ ಒಂದೊಂದು ಬಗೆಯಲ್ಲಿ ನೆಂಟರು. ಕಾಸರಗೋಡಿನ ಓದುಗರಿಗೆ, ಅದರಲ್ಲೂ ಮಲಯಾಳದ ಓದುಗರಿಗೆ, ಮೂರನೆಯವರು ನನಗಿಂತ ಹತ್ತಿರದ ನೆಂಟರು. ಆ ಮಾತಿಗೆ ಆಮೇಲೆ ಬರುತ್ತೇನೆ.

ಅದಕ್ಕೆ ಮುಂಚೆ ನಮ್ಮೂರಿನ ವಿಳಾಸ ಹೇಳಬೇಕು, ಏಕೆಂದರೆ ಅದೇ ಒಂದು ನಗೆಬರಹ. ಅಮರಾಪುರ ಮಡಕಶಿರ ತಾಲೂಕಿನದು. ನಕ್ಷೆಯಲ್ಲಿ ನೋಡಿದರೆ ಈ ತಾಲೂಕು ಕರ್ನಾಟಕದ ಹೊಟ್ಟೆಯೊಳಗೆ ಚಾಚಿಕೊಂಡಿದೆ. ನಮಗೆ ಶಿರಾ ಹತ್ತಿರ, ಅನಂತಪುರ ದೂರ. ಅನಂತಪುರ ಜಿಲ್ಲೆಯೇ 1882ರಲ್ಲಿ ಬಳ್ಳಾರಿಯಿಂದ ಬೇರೆಯಾದದ್ದು. ನಾವು 1953ರವರೆಗೆ ಮದರಾಸು, ಆಮೇಲೆ ಆಂಧ್ರ, 1956ರಿಂದ ಆಂಧ್ರಪ್ರದೇಶ. 2022ರ ಏಪ್ರಿಲಿನಲ್ಲಿ ಜಿಲ್ಲೆಯೂ ಬದಲಾಗಿ ಶ್ರೀ ಸತ್ಯಸಾಯಿ ಜಿಲ್ಲೆಯಾಯಿತು. ಇಷ್ಟೆಲ್ಲ ಆದರೂ ನಮ್ಮೂರು ಎದ್ದು ಒಂದು ಹೆಜ್ಜೆ ಎಲ್ಲಿಗೂ ಹೋಗಲಿಲ್ಲ. ರಾಜ್ಯಗಳೂ ಜಿಲ್ಲೆಗಳೂ ನಮ್ಮನ್ನು ನೋಡಲು ಬಂದು ಹೋದವು. 1956ರ ನವೆಂಬರ್ 1ರಂದು ಮಲಗಿದ್ದಲ್ಲೇ ಕೇರಳಕ್ಕೆ ಸೇರಿದ ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗೊರೂರರ ‘ಹಳ್ಳಿಯ ಚಿತ್ರಗಳು’ ಹೊರಬಂದದ್ದು 1930ರಲ್ಲಿ. ಅವರು ಹುಟ್ಟಿದ್ದು 1904ರಲ್ಲಿ. ಅಂದರೆ ನಾವು ಇಂದು ‘ಹಳೆಯ ಕಾಲದ ಹಳ್ಳಿಯ ಬದುಕು’ ಎಂದು ಓದುವ ಆ ಪುಸ್ತಕವನ್ನು ಬರೆದದ್ದು ಇಪ್ಪತ್ತೈದು ದಾಟಿದ ತರುಣ, ತನ್ನ ಕಣ್ಣೆದುರಿನ ಹಳ್ಳಿಯ ಬಗ್ಗೆ. ಅದರಲ್ಲಿ ‘ಹಳೆಯದು’ ಏನೂ ಇಲ್ಲ. ಎಲ್ಲವೂ ಅಂದಿನ ವರ್ತಮಾನ. ಅವರು ನಕ್ಕ ಜನ ಮರುದಿನ ಬೆಳಿಗ್ಗೆ ಹೊಳೆಯ ದಂಡೆಯಲ್ಲಿ ಸಿಕ್ಕು ‘ಏನು ಸ್ವಾಮಿ, ನಮ್ಮ ವಿಷಯ ಬರೆದಿರಂತೆ’ ಎಂದು ಕೇಳಬಹುದಾದವರು. ಕೇಳುತ್ತಾರೆಂಬ ಅರಿವು ಇದ್ದುದರಿಂದಲೇ ಗೊರೂರರ ನಗುವಿನಲ್ಲಿ ಒಂದು ಮರ್ಯಾದೆ ಇದೆ. 1932ರ ಪುಸ್ತಕದ ಹೆಸರು ನೋಡಿ: ‘ನಮ್ಮ ಊರಿನ ರಸಿಕರು’. ಊರಿನವರು ಪೆದ್ದರಲ್ಲ, ವಿಚಿತ್ರ ಜನರಲ್ಲ, ರಸಿಕರು. ಬರೆಯುವವನಿಗಿಂತ ಮೊದಲೇ ನಗಲು ಗೊತ್ತಿದ್ದವರು. ಅವರ ಪ್ರಸಿದ್ಧ ಪ್ರಬಂಧವೊಂದರ ಹೆಸರು ‘ನಮ್ಮ ಎಮ್ಮೆಗೆ ಮಾತು ತಿಳಿಯುವುದೇ?’ ಎಂದು. ಪೇಟೆಯ ಓದುಗನಿಗೆ ಅದು ತಮಾಷೆಯ ಪ್ರಶ್ನೆ. ಮನೆಯ ಹಾಲು ಮೊಸರು ಒಂದು ಎಮ್ಮೆಯ ಮರ್ಜಿಯ ಮೇಲೆ ನಿಂತಿರುವವರಿಗೆ ಅದು ದಿನ ಬೆಳಗಾದರೆ ಎದುರಾಗುವ ಪ್ರಶ್ನೆ. ಎರಡೂ ಒಟ್ಟಿಗೆ ಇರುವುದರಿಂದ ಆ ಹೆಸರು ಇನ್ನೂ ಜೀವ ಹಿಡಿದಿದೆ.

ನಡುವೆ ಒಂದು ಮಾತು. ಗೊರೂರು ಇರುವುದು ಹೇಮಾವತಿಯ ದಡದಲ್ಲಿ. ಅಮರಾಪುರದ ಪಕ್ಕದಲ್ಲೂ ಹೇಮಾವತಿ ಇದೆ. ಅವರದು ನದಿ, ನಮ್ಮದು ಊರು. ನೊಳಂಬರ ರಾಜಧಾನಿ ಹೆಂಜೇರು ಎಂದರೆ ಅದೇ. ಅವರ ಹೇಮಾವತಿಯಲ್ಲಿ ನೀರು, ನಮ್ಮ ಹೇಮಾವತಿಯಲ್ಲಿ ಕಲ್ಲು: ಕಂಬ, ನಂದಿ, ಕನ್ನಡ ಶಾಸನ, ಹೆಂಜೇರಪ್ಪನ ಗುಡಿ. ಮಳೆ ಕಾಣದ ನಮ್ಮ ಸೀಮೆಯವರು ಗೊರೂರರನ್ನು ಓದುವಾಗ ಹೊಳೆ ಬರುವ ಪುಟಗಳಲ್ಲಿ ಸ್ವಲ್ಪ ಹೊಟ್ಟೆಕಿಚ್ಚು ಪಡುತ್ತೇವೆ. ಅದು ವಿಮರ್ಶೆಯಲ್ಲ, ಆದರೂ ಹೇಳಿದೆ.

ಬೀಚಿಯವರ ವಿಷಯ ಬೇರೆ. ರಾಯಸಂ ಭೀಮಸೇನರಾಯರು 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿ, ಬಳ್ಳಾರಿ ಸೀಮೆಯ ಬಿಸಿಲಲ್ಲಿ ಬೆಳೆದು, ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿ, 1980ರಲ್ಲಿ ತೀರಿಕೊಂಡರು. ನಮ್ಮ ನೆರೆಯ ರಾಯದುರ್ಗ 1953ರವರೆಗೆ ಅದೇ ಬಳ್ಳಾರಿ ಜಿಲ್ಲೆಯದು. ಅವರ ತಿಮ್ಮ ಯಾರೆಂದು ನಮಗೆ ಗೊತ್ತು: ಅಂಗಡಿ ಕಟ್ಟೆಯ ಮೇಲೆ ಬೀಡಿ ಹಚ್ಚಿ ಕೂತು, ಕೇಳಿದ ಪ್ರಶ್ನೆಗೆ ಸರಿಯಾಗಿ ಅರ್ಧ ಅಂಗುಲ ಪಕ್ಕಕ್ಕೆ ಉತ್ತರ ಕೊಡುವವನು. ಪೆದ್ದನೆಂದು ಕೈಯಿಟ್ಟರೆ ಕೈ ಸುಡುತ್ತದೆ. ತಿಮ್ಮನ ನಗು ಬಡವನ ನಗು, ಕಚೇರಿಯ ಮೆಟ್ಟಿಲಲ್ಲಿ ಕಾದು ಕಾದು ಕಲಿತದ್ದು. ಆತ್ಮಕಥೆಗೆ ‘ಭಯಾಗ್ರಫಿ’ ಎಂದು ಹೆಸರಿಟ್ಟ ಬೀಚಿಗೆ ಇಂಗ್ಲಿಷೂ ಚೆನ್ನಾಗಿ ಗೊತ್ತಿತ್ತು, ಭಯವೂ ಚೆನ್ನಾಗಿ ಗೊತ್ತಿತ್ತು. ಅ.ನ.ಕೃ. ಅವರ ‘ಸಂಧ್ಯಾರಾಗ’ ಓದಿದ ಮೇಲೆ ಕನ್ನಡದ ಕಡೆ ತಿರುಗಿದವರು ಅವರು. ಅಂದರೆ ಕನ್ನಡಕ್ಕೆ ಹೊರಗಿನಿಂದ ಒಳಗೆ ಬಂದವರು, ಕನ್ನಡಿಗರಾಗಿದ್ದೂ. ಬರೆದದ್ದು ಬಹಳ, ಎಲ್ಲವೂ ಒಂದೇ ಮಟ್ಟದ್ದಲ್ಲ. ಪ್ರಶ್ನೆ-ಉತ್ತರದ ಚುಟುಕುಗಳಲ್ಲಿ ಅರ್ಧದಷ್ಟು ಇಂದು ಒಣಗಿವೆ. ತಿಮ್ಮ ಮಾತ್ರ ಒಣಗಿಲ್ಲ.

ಈಗ ಕೊರವಂಜಿಗೆ ಬರೋಣ.

ಬೆಂಗಳೂರಿನ ವೈದ್ಯರಾದ ಡಾ. ಎಂ. ಶಿವರಾಂ, ಅಂದರೆ ರಾಶಿ, 1942ರಲ್ಲಿ ‘ಕೊರವಂಜಿ’ ಎಂಬ ಹಾಸ್ಯಮಾಸಿಕ ಹೊರಡಿಸಿದರು. 1967ರಲ್ಲಿ ಅದು ನಿಂತಿತು. ಇಪ್ಪತ್ತೈದು ವರ್ಷ! ಹಾಸ್ಯಕ್ಕೇ ಮೀಸಲಾದ ಪತ್ರಿಕೆಗೆ ಇದು ದೀರ್ಘಾಯುಷ್ಯವೇ ಸರಿ. ಆರ್.ಕೆ. ಲಕ್ಷ್ಮಣ್ ಹೆಸರಾಗುವ ಮೊದಲು ಗೆರೆ ಎಳೆದದ್ದು ಅದರ ಪುಟಗಳಲ್ಲಿ. ಟಿ. ಸುನಂದಮ್ಮ ಬರೆದದ್ದು ಅಲ್ಲಿ. ನಿಂತ ಮೇಲೂ ಅದರ ಬೇರು ಸಾಯದೆ 1983ರಲ್ಲಿ ‘ಅಪರಂಜಿ’ಯಾಗಿ ಚಿಗುರಿತು.

ಪತ್ರಿಕೆಗೆ ಆ ಹೆಸರಿಟ್ಟದ್ದೇ ಒಂದು ಒಳ್ಳೆಯ ಕೆಲಸ. ಬುಟ್ಟಿ ಹೊತ್ತು ಬಾಗಿಲಿಗೆ ಬಂದು, ಕೈ ನೋಡಿ, ಯಜಮಾನನ ಮುಖಕ್ಕೇ ಆಗದ ಮಾತನ್ನು ಆಡಿ, ಮೊರದಲ್ಲಿ ರಾಗಿ ಹಾಕಿಸಿಕೊಂಡು ಹೋಗುವ ಹೆಂಗಸು ಕೊರವಂಜಿ. ಅವಳು ಹೇಳುವುದು ಕಣಿ. ನಮ್ಮ ಕಡೆ ತೆಲುಗಿನಲ್ಲಿ ಅದು ‘ಎರುಕ’. ಮಲಯಾಳಕ್ಕೆ ದಾಟಿದರೆ ‘ಕಣಿ’ ಎಂದರೆ ವಿಷುವಿನ ಬೆಳಿಗ್ಗೆ ಕಣ್ಣು ಬಿಟ್ಟೊಡನೆ ಕಾಣಬೇಕಾದ ಮಂಗಳ ನೋಟ. ಕನ್ನಡದ್ದು ಕೇಳುವ ಕಣಿ, ಮಲಯಾಳದ್ದು ನೋಡುವ ಕಣಿ. ಎರಡಕ್ಕೂ ಮುಂದಿನ ದಿನಗಳ ಮೇಲೇ ಕಣ್ಣು. ಹೋದ ಕಾಲದ ಕಣಿ ಹೇಳಿ ರಾಗಿ ಸಂಪಾದಿಸಿದ ಕೊರವಂಜಿ ಯಾರೂ ಇಲ್ಲ; ಇಂದಿನ ನಗೆಬರಹಗಾರರು ಮಾಡಲು ಹೊರಟಿರುವುದು ಅದನ್ನೇ.

‘ಕೊರವಂಜಿ’ಯ ಹಾಸ್ಯ ಬಹುಮಟ್ಟಿಗೆ ಪೇಟೆಯದು. ಯುದ್ಧದ ಕಾಲ; ಅಕ್ಕಿ, ಸಕ್ಕರೆ, ಸೀಮೆಎಣ್ಣೆ ಎಲ್ಲಕ್ಕೂ ರೇಷನ್ ಬಂದ ಕಾಲ. ಬಾಡಿಗೆ ಮನೆ, ಗುಮಾಸ್ತೆಯ ಸಂಬಳ, ಕಾಫಿ, ಹೆಣ್ಣು ನೋಡುವ ಶಾಸ್ತ್ರ, ಆಫೀಸಿನ ಮೇಲಧಿಕಾರಿ: ಇವು ಆಗಿನ ಸಾಮಾನ್ಯ ಜನರ ದಿನಬಳಕೆಯ ಸಂಕಟಗಳು. ಅವುಗಳಲ್ಲಿ ಕೆಲವು ಇಂದಿನ ಓದುಗನಿಗೆ ಅರ್ಥವೇ ಆಗುವುದಿಲ್ಲ. 1957ರ ಏಪ್ರಿಲ್ 1ರಂದು ನಯಾಪೈಸೆ ಬಂತು. ರೂಪಾಯಿಗೆ ಹದಿನಾರು ಆಣೆ ಹೋಗಿ ನೂರು ಪೈಸೆ ಆಯಿತು. ಒಂದಾಣೆಗೆ ಆರೂಕಾಲು ಪೈಸೆ. ಆ ಕಾಲು ಪೈಸೆಯನ್ನು ಅಂಗಡಿಯವನು ಕೊಡಬೇಕೋ ಗಿರಾಕಿ ಬಿಡಬೇಕೋ ಎಂಬ ಜಗಳದಲ್ಲಿ ದೇಶವೇ ನಕ್ಕಿತು, ಅತ್ತಿತು. ಈಗ ಆ ಬಗೆಯ ನಗೆಹನಿಯನ್ನು ಓದಬೇಕಾದರೆ ಮೊದಲು ಲೆಕ್ಕ ಮಾಡಬೇಕು. ಲೆಕ್ಕ ಮುಗಿಯುವಷ್ಟರಲ್ಲಿ ನಗು ಎದ್ದುಹೋಗಿರುತ್ತದೆ. ವಸ್ತುವಿನ ಮೇಲೆ ನಿಂತ ಹಾಸ್ಯ ವಸ್ತುವಿನೊಡನೆಯೇ ಸಾಯುತ್ತದೆ, ಕೊಳಗ ಹೋದ ಮೇಲೆ ಕೊಳಗದ ಗಾದೆ ಸೊರಗಿದ ಹಾಗೆ.

ಆದರೆ ಅದೇ ‘ಕೊರವಂಜಿ’ಯ ಬಳಗದಲ್ಲಿ ಒಬ್ಬರ ಹಾಸ್ಯಕ್ಕೆ ಈ ರೋಗ ಅಷ್ಟಾಗಿ ತಾಗಿಲ್ಲ. ಅವರೇ ನಾ. ಕಸ್ತೂರಿ.

1897ರ ಡಿಸೆಂಬರ್ 25ರಂದು ತ್ರಿಪ್ಪೂಣಿತ್ತುರದಲ್ಲಿ ಹುಟ್ಟಿದರು. ಕೊಚ್ಚಿಯ ಅರಸು ಮನೆತನದ ಊರು ಅದು. ಮೈಸೂರಿಗೆ ಚರಿತ್ರೆಯ ಅಧ್ಯಾಪಕರಾಗಿ ಬಂದ ಮೇಲೆ ಕಲಿತ ಭಾಷೆ ಕನ್ನಡ. ಹೀಗೆ ಕಲಿತ ಭಾಷೆಯಲ್ಲಿ ಕಾದಂಬರಿ, ನಾಟಕ, ಹರಟೆ, ವಿಡಂಬನೆ ಎಲ್ಲವನ್ನೂ ಬರೆದು ಕನ್ನಡದವರನ್ನು ನಗಿಸಿದರು. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಕಟ್ಟಿದ ಬಾನುಲಿ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರು ಸೂಚಿಸಿದವರು ಇವರೇ ಎಂಬ ಮಾತು ಕನ್ನಡದಲ್ಲಿ ಬಹುಕಾಲದಿಂದ ಇದೆ. ಕನ್ನಡದವರು ಅವರನ್ನು ‘ಹೊರಗಿನವರು’ ಎಂದು ಎಂದೂ ಕರೆಯಲಿಲ್ಲ. ಅದು ನಮ್ಮ ಒಳ್ಳೆಯ ಗುಣ. ಆದರೆ ಹೊರಗಿನಿಂದ ಬಂದುದರಿಂದಲೇ ಅವರಿಗೆ ಸಿಕ್ಕಿದ್ದೇನು ಎಂದೂ ನಾವು ಕೇಳಲಿಲ್ಲ. ಅದು ನಮ್ಮ ವಿಮರ್ಶೆಯ ಆಲಸ್ಯ.

ನನ್ನ ಉತ್ತರ ಇದು: ಅವರಿಗೆ ಸಿಕ್ಕಿದ್ದು ಎರಡನೆಯ ಕಿವಿ. ತಾಯಿಮಾತಿನವನಿಗೆ ಮಾತು ಗಾಜಿನ ಹಾಗೆ. ಅದರಾಚೆಯ ವಸ್ತು ಕಾಣುತ್ತದೆ, ಗಾಜು ಕಾಣುವುದಿಲ್ಲ. ಬೆಳೆದ ಮೇಲೆ ಭಾಷೆ ಕಲಿತವನಿಗೆ ಮೊದಲು ಕಾಣುವುದೇ ಗಾಜು: ಅದರ ಅಂಚು, ಬಿರುಕು, ಅದರ ಮೇಲೆ ಬಿದ್ದ ತನ್ನ ಮನೆಯ ನೆರಳು. ‘ಸಂಸಾರ’ ಎಂದರೆ ಕನ್ನಡದಲ್ಲಿ ಮನೆ, ಮಡದಿ, ಮಕ್ಕಳು. ಮಲಯಾಳದ ಬಳಕೆಯಲ್ಲಿ ‘ಸಂಸಾರಂ’ ಎಂದರೆ ಮಾತುಕತೆ. ಹೊಸದಾಗಿ ಮೈಸೂರಿಗೆ ಬಂದ ಮಲಯಾಳಿ ತರುಣನಿಗೆ ಪರಿಚಯದವರೊಬ್ಬರು ಪಕ್ಕದಲ್ಲಿ ಮೌನವಾಗಿ ನಿಂತ ಹೆಂಗಸನ್ನು ತೋರಿಸಿ ‘ಇವರು ನನ್ನ ಸಂಸಾರ’ ಎಂದರೆ ಏನನ್ನಿಸಿರಬೇಕು! ‘ಫಲಿತಂ’ ಎಂದರೆ ಮಲಯಾಳದಲ್ಲಿ ನಗೆಮಾತು. ನಮ್ಮಲ್ಲಿ ಫಲಿತಾಂಶ ಬಂದ ದಿನ ಅರ್ಧ ಊರು ಅಳುತ್ತದೆ. ಇವು ನನ್ನ ಉದಾಹರಣೆಗಳು, ಕಸ್ತೂರಿಯವರವಲ್ಲ. ಆದರೆ ಇಂಥ ಎಡವುಗಳ ನಡುವೆ ಭಾಷೆ ಕಲಿತವನು ಪದವನ್ನು ಮತ್ತೆಂದೂ ನಿರಾತಂಕವಾಗಿ ಬಳಸಲಾರ. ಅದನ್ನು ತಿರುಗಿಸಿ ನೋಡುತ್ತಾನೆ, ತಟ್ಟಿ ನೋಡುತ್ತಾನೆ.

ಕಸ್ತೂರಿಯವರ ಪುಸ್ತಕಗಳ ಹೆಸರುಗಳೇ ಸಾಕ್ಷಿ. ‘ಅನರ್ಥಕೋಶ’. ಅರ್ಥಕೋಶಕ್ಕೆ ಒಂದು ‘ಅನ್’ ಸೇರಿತು. ಅರ್ಥವಿಲ್ಲದ್ದು ಎಂದೂ ಆಯಿತು, ಅನಾಹುತ ಎಂದೂ ಆಯಿತು. ನಿಘಂಟಿನ ಗಂಭೀರ ವೇಷ ಹಾಕಿಕೊಂಡು, ನಿತ್ಯ ಬಳಸುವ ಪದಗಳನ್ನು ತಪ್ಪು ಜಾಗದಲ್ಲಿ ಒಡೆದು, ಒಳಗಿರುವ ಇನ್ನೊಂದು ಪದವನ್ನು ಹೊರಗೆ ತೆಗೆಯುವ ಆಟ ಅದು. ‘ಗೃಹದಾರಣ್ಯಕ’. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಒಂದು ಅಕ್ಷರ ಬದಲಾಯಿತು, ಋಷಿಗಳ ಕಾಡು ಗೃಹಸ್ಥನ ಮನೆಯೊಳಕ್ಕೆ ಬಂತು. ಮನೆಯೇ ಕಾಡು ಎಂದು ಹೇಳಲು ಇತರರಿಗೆ ನಾಲ್ಕು ಪುಟ ಬೇಕು, ಇವರಿಗೆ ಒಂದು ಅಕ್ಷರ. ಲೂಯಿ ಕ್ಯಾರಲ್‌ನ ಆಲಿಸ್ ಇವರ ಕೈಯಲ್ಲಿ ‘ಪಾತಾಳದಲ್ಲಿ ಪಾಪಚ್ಚಿ’ ಆದಳು. 1865ರ ಆ ಇಂಗ್ಲಿಷ್ ಪುಸ್ತಕವನ್ನು ಭಾಷಾಂತರಿಸುವುದು ಸಾಧ್ಯವಿಲ್ಲ. ಅದರ ನಗುವೆಲ್ಲ ಇಂಗ್ಲಿಷ್ ಪದಗಳ ಕಾಲು ತೊಡಕಿನಲ್ಲಿದೆ. ಕನ್ನಡದಲ್ಲಿ ಬೇರೆ ತೊಡಕುಗಳನ್ನು ಹುಡುಕಿಕೊಳ್ಳಬೇಕು. ಅದಕ್ಕೆ ಮುಂದಾಗಲು ಪದಗಳ ಹುಚ್ಚು ಇರುವವನೇ ಬೇಕು.

ಈ ಹುಚ್ಚಿಗೆ ಕೇರಳದಲ್ಲಿ ಹಳೆಯ ಬೇರಿದೆ. ಚಾಕ್ಯಾರ್ ಕೂತ್ತಿನ ವಿದೂಷಕ ಪುರಾಣ ಹೇಳುತ್ತಾ ಹೇಳುತ್ತಾ ಮುಂದೆ ಕುಳಿತ ದೊಡ್ಡವರನ್ನೇ ಮಾತಿನಲ್ಲಿ ಹಿಡಿಯುತ್ತಾನೆ, ಅವರು ಏಳುವಂತಿಲ್ಲ. ಆ ಕೂತ್ತಿಗೆ ಮಿಳಾವು ಬಾರಿಸುತ್ತಿದ್ದ ಕುಂಜನ್ ನಂಬಿಯಾರ್ ನಿದ್ದೆ ತೂಗಿ, ಚಾಕ್ಯಾರರ ಲೇವಡಿಗೆ ಸಿಕ್ಕಿ, ಸಿಟ್ಟಿನಲ್ಲಿ ತುಳ್ಳಲ್ ಕಟ್ಟಿದರೆಂಬ ಐತಿಹ್ಯ ಮಲಯಾಳದ ಓದುಗರಿಗೆ ನಾನು ಹೇಳಬೇಕಾದ್ದಲ್ಲ. ತ್ರಿಪ್ಪೂಣಿತ್ತುರದಂಥ ದೇವಸ್ಥಾನದ ಊರಿನಲ್ಲಿ ಬೆಳೆದ ಹುಡುಗನ ಕಿವಿಗೆ ಇದು ಬೀಳದೆ ಇದ್ದೀತೆಂದು ನನಗೆ ಅನ್ನಿಸುವುದಿಲ್ಲ. ಅವರ ಸಮಕಾಲೀನರಲ್ಲಿ ‘ಸಂಜಯನ್’ (ಎಂ.ಆರ್. ನಾಯರ್, 1903–1943) ಕೋಳಿಕ್ಕೋಡಿನ ಮುನಿಸಿಪಾಲಿಟಿಯ ಮೇಲೆ ಹರಿಹಾಯ್ದು ದಿನಬಳಕೆಯ ಹಾಸ್ಯವನ್ನು ಪತ್ರಿಕೆಗೆ ತಂದರು, ಆಮೇಲೆ ವಿ.ಕೆ.ಎನ್. ಭಾಷೆಯನ್ನೇ ಮಗುಚಿ ಹಾಕಿದರು. ಕಸ್ತೂರಿಯವರನ್ನು ಈ ಸಾಲಿನಲ್ಲಿ ನಿಲ್ಲಿಸಿ ನೋಡಿದರೆ, ಕನ್ನಡದ ಹಾಸ್ಯಸಾಹಿತ್ಯದಲ್ಲಿ ಒಂಟಿಯಾಗಿ ಕಾಣುವ ಅವರಿಗೆ ಅಣ್ಣತಮ್ಮಂದಿರು ಸಿಗುತ್ತಾರೆ. ತಕಳಿಯವರ ‘ಚೆಮ್ಮೀನ್’ ಕನ್ನಡಕ್ಕೆ ‘ಕೆಂಪುಮೀನು’ ಆಗಿ ಬಂದದ್ದೂ ಅವರ ಕೈಯಿಂದಲೇ. ನಗುವಿನ ಗಂಧವಿಲ್ಲದ ಕಡಲ ಕಥೆ ಅದು. ಪದವಿನೋದದ ಆಟಗಾರನಿಗೆ ಆ ಗಂಭೀರವೂ ಒಗ್ಗುತ್ತಿತ್ತು.

ಇಷ್ಟು ಹೊಗಳಿದ ಮೇಲೆ ಲೆಕ್ಕದ ಇನ್ನೊಂದು ಬದಿಯನ್ನೂ ತೋರಿಸಬೇಕು. ಕಸ್ತೂರಿಯವರ ಲೋಕದಲ್ಲಿ ಹಳ್ಳಿ ಇಲ್ಲ, ಅಥವಾ ದೂರದಲ್ಲಿ ಮಂಜಿನಲ್ಲಿದೆ. ‘ಗೃಹದಾರಣ್ಯಕ’ ಎಂಬ ಹೆಸರಿಗೆ ನಗಬೇಕಾದರೆ ಉಪನಿಷತ್ತಿನ ಹೆಸರು ಗೊತ್ತಿರಬೇಕು. ನಮ್ಮೂರ ಕಡಲೆಕಾಯಿ ಹೊಲದಲ್ಲಿ ಕಳೆ ಕೀಳುವ ಹೆಣ್ಣುಮಕ್ಕಳಿಗೆ, ಅಡಿಕೆ ತೋಟದಲ್ಲಿ ಗೊನೆ ಇಳಿಸುವವನಿಗೆ ಅದು ನಗೆಯಲ್ಲ. ಅವರಲ್ಲಿ ನಗು ಇಲ್ಲವೆಂದಲ್ಲ. ಅವರ ನಗು ಬೇರೆ ಕಡೆಯಿಂದ ಬರುತ್ತದೆ. ಇನ್ನೊಂದು ಕೊರತೆ ಹೆಂಗಸರದು. ಮನೆಯನ್ನು ಕಾಡೆಂದು ಕರೆದು ನಗುವುದು ಹೊರಗೆ ಹೋಗಿ ಬರುವ ಗಂಡಸಿಗೆ ಸುಲಭ. ಹೊತ್ತಿಗೆ ಸರಿಯಾಗಿ ಒಲೆ ಹಚ್ಚುವವಳಿಗೆ ಅದು ಕಾಡೂ ಹೌದು, ಕಚೇರಿಯೂ ಹೌದು. ಆ ಬದಿಯ ನಗೆ ಹೇಗಿರುತ್ತದೆಂದು ತಿಳಿಯಬೇಕಾದರೆ ಅದೇ ‘ಕೊರವಂಜಿ’ಯಲ್ಲಿ ಸುನಂದಮ್ಮನವರ ಪುಟಕ್ಕೆ ಹೋಗಬೇಕು. ಅವರಲ್ಲಿ ಪದದ ಜಾದೂ ಕಡಿಮೆ, ಮನುಷ್ಯರು ಹೆಚ್ಚು.

ಇಲ್ಲಿ ಗಡಿಯಲ್ಲಿರುವ ನಮಗೆ ಮಾತ್ರ ಹೊಳೆಯುವ ಒಂದು ವಿಷಯವಿದೆ. ಈ ಲೇಖನವನ್ನು ಮಲಯಾಳಕ್ಕೆ ಮಾಡುವ ಗೆಳೆಯರು ‘ಅನರ್ಥಕೋಶ’ ಎಂಬಲ್ಲಿಗೆ ಬಂದಾಗ ಏನೂ ಮಾಡಬೇಕಾಗಿಲ್ಲ. ಲಿಪಿ ಬದಲಿಸಿದರೆ ಸಾಕು, ಪನ್ ಹಾಗೇ ದಾಟುತ್ತದೆ. ‘ಗೃಹದಾರಣ್ಯಕ’ವೂ ಹಾಗೆಯೇ. ಎರಡು ಭಾಷೆಗಳಿಗೂ ಸಂಸ್ಕೃತ ಒಂದೇ ನೆಲ. ಆ ನೆಲದ ಮೇಲೆ ಆಡಿದ ಆಟಕ್ಕೆ ಗಡಿಯಲ್ಲಿ ತಪಾಸಣೆಯಿಲ್ಲ. ಆದರೆ ಬೀಚಿಯ ತಿಮ್ಮನನ್ನು ದಾಟಿಸಿ ನೋಡಿ! ಹೆಸರು ದಾಟುತ್ತದೆ. ಕೋತಿಯನ್ನು ನಾವು ತಿಮ್ಮ ಎನ್ನುವುದು, ಊರಿಗೊಬ್ಬ ತಿಮ್ಮಪ್ಪ ಇರುವುದು, ಆ ಹೆಸರಿನಲ್ಲೇ ಅರ್ಧ ಬುದ್ಧಿ ಅರ್ಧ ಮಂಗಾಟ ಸೇರಿರುವುದು ಚೆಕ್‌ಪೋಸ್ಟಿನಲ್ಲೇ ಉಳಿಯುತ್ತದೆ. ಗೊರೂರರ ರಸಿಕರದೂ ಇದೇ ಗತಿ. ಪಂಡಿತರ ನಗು ದಾಟುತ್ತದೆ, ಹಳ್ಳಿಯ ನಗು ದಾಟುವುದಿಲ್ಲ. ಕಸ್ತೂರಿಯವರ ಶಕ್ತಿ ಮತ್ತು ಮಿತಿ ಎರಡೂ ಇದೇ ಜಾಗದಲ್ಲಿವೆ ಎಂದ ಮೇಲೆ, ಒಂದನ್ನು ಹೊಗಳಿ ಇನ್ನೊಂದನ್ನು ಕ್ಷಮಿಸುವ ಕೆಲಸ ನನಗೆ ಬೇಡವಾಗಿದೆ.

ಹಾಗಾದರೆ ಹಳ್ಳಿಯವರಿಗೆ ಎರಡನೆಯ ಕಿವಿ ಇಲ್ಲವೇ? ಇದೆ, ಗಡಿಯ ಹಳ್ಳಿಯವರಿಗೆ ಹುಟ್ಟುವಾಗಲೇ ಇದೆ. ‘ಅವಸರ’ ಎಂಬ ಒಂದು ಪದ ಸಾಕು. ಕನ್ನಡದಲ್ಲಿ ಅದು ಆತುರ. ತೆಲುಗಿನಲ್ಲಿ ‘ಅವಸರಂ’ ಎಂದರೆ ಅಗತ್ಯ. ಮಲಯಾಳದಲ್ಲಿ ಅವಕಾಶ, ಸಂದರ್ಭ. ನಮ್ಮೂರಲ್ಲಿ ಹೇಳುವ ಕಥೆಯೊಂದಿದೆ, ನಡೆದದ್ದೋ ಕಟ್ಟಿದ್ದೋ. ಅಜ್ಜನೊಬ್ಬ ಕಚೇರಿಗೆ ಹೋಗಿ ಜಮೀನಿನ ಕಾಗದ ಮುಂದಿಟ್ಟನಂತೆ. ಗುಮಾಸ್ತೆ ತೆಲುಗಿನಲ್ಲಿ ‘ಇದಿ ಅವಸರಂ ಲೇದು’ ಎಂದ. ಇದು ಬೇಕಿಲ್ಲ ಎಂದು ಅವನ ಅರ್ಥ. ಅವಸರವಿಲ್ಲ ಎಂದು ಅಜ್ಜನ ಅರ್ಥ. ‘ಒಳ್ಳೆ ಮನುಷ್ಯ, ಆತುರ ಪಡಿಸಲಿಲ್ಲ’ ಎಂದು ಹರಸಿ ಊರಿಗೆ ಬಂದ ಅಜ್ಜ ಯುಗಾದಿ ಕಳೆದ ಮೇಲೆ ಅದೇ ಕಾಗದವನ್ನು ಅದೇ ಬಟ್ಟೆಯಲ್ಲಿ ಸುತ್ತಿಕೊಂಡು ಮತ್ತೆ ಹೋದನಂತೆ. ಅದೇ ಮಾತನ್ನು ಕಾಸರಗೋಡಿನ ಕಚೇರಿಯಲ್ಲಿ ಮಲಯಾಳದಲ್ಲಿ ಹೇಳಿದ್ದರೆ, ಅವಕಾಶವೇ ಇಲ್ಲವೆಂದು ತಿಳಿದು ಆ ಕಾಗದವನ್ನು ಸುಟ್ಟುಬಿಡುತ್ತಿದ್ದನೋ ಏನೋ.

ಈ ಕಥೆಗೆ ನಗುವವರು ಅಜ್ಜನನ್ನು ನೋಡಿ ನಗುತ್ತಾರೋ ಗುಮಾಸ್ತೆಯನ್ನೋ? ನಮ್ಮಲ್ಲಿ ಹೇಳುವ ರೀತಿಯಲ್ಲಿ ಇಬ್ಬರನ್ನೂ ಅಲ್ಲ. ಇಬ್ಬರ ನಡುವೆ ನಿಂತ ಆ ಪದವನ್ನು. ಕಸ್ತೂರಿಯವರ ಪಾಂಡಿತ್ಯ ಇಲ್ಲಿಲ್ಲ, ಅವರ ಕಿವಿ ಇದೆ. ಗೊರೂರರ ರಸಿಕ ಇದ್ದಾನೆ. ಬೀಚಿಯ ಕಚೇರಿ ಮೆಟ್ಟಿಲೂ ಇದೆ. ದೀಪಾವಳಿ ಸಂಚಿಕೆಯ ‘ನಮ್ಮ ಕಾಲದಲ್ಲಿ’ ಬರಹಗಾರರು ಇದನ್ನು ಬರೆದರೆ ‘ಪಾಪ, ಆಗಿನ ಮುಗ್ಧ ಜನ’ ಎಂದು ಮುಗಿಸುತ್ತಾರೆ. ಮುಗ್ಧತೆ ಎಲ್ಲಿದೆ ಸ್ವಾಮಿ? ಮೂರು ಭಾಷೆಗಳ ಕಚೇರಿಗಳ ನಡುವೆ ಒಂದು ಕಾಗದ ಉಳಿಸಿಕೊಂಡು ಬದುಕಿದವರು ಅವರು.

ಕಸ್ತೂರಿಯವರು ಕೊನೆಯ ದಶಕಗಳನ್ನು ಕಳೆದದ್ದು ಪುಟ್ಟಪರ್ತಿಯಲ್ಲಿ. 1958ರಲ್ಲಿ ಆರಂಭವಾದ ‘ಸನಾತನ ಸಾರಥಿ’ಗೆ ಸಂಪಾದಕರಾದರು, ಸತ್ಯಸಾಯಿ ಬಾಬಾ ಅವರ ಜೀವನಚರಿತ್ರೆ ಬರೆದರು, 1987ರ ಆಗಸ್ಟಿನಲ್ಲಿ ತೀರಿಕೊಂಡರು. ಅಂದರೆ ಮಲಯಾಳ ನಾಡಿನಲ್ಲಿ ಹುಟ್ಟಿ, ಕನ್ನಡದಲ್ಲಿ ನಗಿಸಿ, ತೆಲುಗು ನಾಡಿನಲ್ಲಿ, ಇಂದು ಅಮರಾಪುರವೂ ಸೇರಿರುವ ಜಿಲ್ಲೆಯಲ್ಲಿ, ಕಣ್ಣು ಮುಚ್ಚಿದರು. ಅಲ್ಲಿಗೆ ಬರುವ ದೇಶವಿದೇಶದ ಜನರಿಗೆ ಅವರು ಭಕ್ತ, ಚರಿತ್ರಕಾರ. ‘ಅನರ್ಥಕೋಶ’ದ ವಿಷಯ ಗೊತ್ತಿಲ್ಲ. ಕನ್ನಡದ ವಿಮರ್ಶಕರಿಗೆ ಅವರು ‘ಕೊರವಂಜಿ’ಯ ಕಾಲದ ಹಾಸ್ಯಲೇಖಕರಲ್ಲಿ ಒಬ್ಬರು, ಒಂದು ಪ್ಯಾರಾದಲ್ಲಿ ಕೆಲಸ ಮುಗಿಯುತ್ತದೆ. ನವ್ಯದ ವಿಮರ್ಶೆಗೆ ನಗು ಒಗ್ಗಲಿಲ್ಲ, ಆಮೇಲೆ ಬಂದವರಿಗೆ ಪನ್ ಒಗ್ಗಲಿಲ್ಲ. ಮೂರು ಭಾಷೆಗಳ ನಾಡುಗಳಲ್ಲಿ ಬದುಕಿದ ಲೇಖಕನನ್ನು ಮೂರು ಕಡೆಯವರೂ ಮೂರನೆಯ ಒಂದು ಭಾಗ ಮಾತ್ರ ಓದಿದರು. ಗಡಿಯ ಸಂಚಿಕೆಯೊಂದರಲ್ಲಿ ಇದನ್ನು ಹೇಳದೆ ಇನ್ನೆಲ್ಲಿ ಹೇಳಲಿ?

ಮಕ್ಕಳ ವಿಷಯ ಒಂದಿದೆ. ಪಠ್ಯಪುಸ್ತಕದಲ್ಲಿ ನಗೆಬರಹವೊಂದು ಬಂದರೆ ಅದರ ಕೊನೆಗೆ ‘ಈ ಪಾಠದಲ್ಲಿ ಬರುವ ಹಾಸ್ಯವನ್ನು ವಿವರಿಸಿ’ ಎಂಬ ಪ್ರಶ್ನೆ ಬರುತ್ತದೆ. ಐದು ಅಂಕ. ಕನ್ನಡ ಓದುವ ಗಡಿಯ ಮಗು ಅದನ್ನು ಬಾಯಿಪಾಠ ಮಾಡುತ್ತದೆ, ನಗದೆ. ಮನೆಯಲ್ಲಿ ಎರಡು ಭಾಷೆ, ಬೀದಿಯಲ್ಲಿ ಎರಡು, ಟಿ.ವಿ.ಯಲ್ಲಿ ನಾಲ್ಕು ಕೇಳುವ ಆ ಮಗುವಿನ ಕಿವಿಯಷ್ಟು ಒಳ್ಳೆಯ ಹಾಸ್ಯದ ಕಿವಿ ಮೈಸೂರಿನಲ್ಲೂ ಸಿಗಲಾರದು. ಆದರೆ ಅದು ದೋಷವೆಂದು ಅದಕ್ಕೆ ಕಲಿಸಲಾಗುತ್ತಿದೆ: ಕನ್ನಡ ಬರೆಯುವಾಗ ತೆಲುಗು ಬಂದರೆ ಕೆಂಪು ಗೆರೆ, ತೆಲುಗಿನಲ್ಲಿ ಕನ್ನಡ ಬಂದರೆ ಅಲ್ಲೂ ಕೆಂಪು ಗೆರೆ. ಒಂದು ಭಾಷೆ ಹಿಂದೆಗೆಯುವಾಗ ಅದರ ವ್ಯಾಕರಣ ಬಹುಕಾಲ ನಿಲ್ಲುತ್ತದೆ. ನಗೆಮಾತು ಮೊದಲು ಹೋಗುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಶಾಲೆಯಲ್ಲಿ ಹಳ್ಳಿಯ ಬದುಕಿನ ಹಳೆಯ ಹಾಸ್ಯಪ್ರಬಂಧವೊಂದನ್ನು ಗಟ್ಟಿಯಾಗಿ ಓದಿದೆ. ಸೇರು, ಪಾವು, ಕೊಳಗ ಬಂದಲ್ಲೆಲ್ಲ ನಿಲ್ಲಿಸಿ ವಿವರಿಸಬೇಕಾಯಿತು. ಯಾರೂ ನಗಲಿಲ್ಲ, ಇಬ್ಬರು ಆಕಳಿಸಿದರು. ಪುಸ್ತಕ ಮುಚ್ಚಿ ಅವಸರದ ಅಜ್ಜನ ಕಥೆ ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈಯೆತ್ತಿ, ತಮ್ಮ ಮನೆಯಲ್ಲೂ ಹಾಗೇ ಆಗುತ್ತದೆ ಎಂದಳು. ಪಕ್ಕದ ಮನೆಯ ತೆಲುಗಿನಾಕೆ ಸುಮ್ಮನೆ ಬಂದು ಕೂರುತ್ತಾಳೆ. ಏನಮ್ಮಾ ಬಂದೆ ಎಂದರೆ ‘ಊರಿಕೇ’ ಎನ್ನುತ್ತಾಳೆ. ತೆಲುಗಿನಲ್ಲಿ ಹಾಗೆಂದರೆ ಸುಮ್ಮನೆ ಎಂದು. ಹುಡುಗಿಯ ಅಜ್ಜಿ ಪ್ರತಿ ಸಲವೂ ‘ಯಾವೂರಿಗೆ?’ ಎಂದು ಕೇಳುತ್ತಾಳಂತೆ. ಅಜ್ಜಿಗೆ ತೆಲುಗು ಚೆನ್ನಾಗಿ ಬರುತ್ತದೆ ಎಂದೂ ಸೇರಿಸಿದಳು. ತರಗತಿ ಗೊಳ್ಳೆಂದಿತು.

ಅದನ್ನು ನನಗೆ ಒಂದು ಹಾಳೆಯಲ್ಲಿ ಬರೆದುಕೊಡು ಎಂದೆ. ಪೆನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಯೋಚಿಸಿ, “ಕೆ ಬರೀಲಾ, ಗೆ ಬರೀಲಾ ಸಾರ್?” ಎಂದಳು.